ಪರದೇಶದ ಓನರಮ್ಮ

ಮೂರನೇ ಸಲವೂ ನಿವೇದಿತಾ ಫೋನ್ ಎತ್ತಲಿಲ್ಲ.

ಭದ್ರಮ್ಮ ಕಿರಿಯ ಮೊಮ್ಮಗಳು ಸಮೀಕ್ಷಾಳ ಕೈಯಿಂದ ಫೋನ್ ಕಿತ್ತುಕೊಂಡು ತಾವೇ ಕಿವಿಗೊತ್ತಿದರು. ಅತ್ತಲಿಂದ ಉಸಿರಿಲ್ಲ. ನಿನ್ನೆಯಿಂದ ಇದೇ ಪಾಡು. ಹಿರಿಯ ಮೊಮ್ಮಗಳು ನಿವೇದಿತಾ ಓದಲು ಜರ್ಮನಿಗೆ ಹೋದಾಗಿನಿಂದ, ಅವಳ ಜೊತೆ ಒಂದು ಮಾತು ಆಡದೆ ಅವರು ಮಧ್ಯಾಹ್ನದ ಊಟಕ್ಕೆ ಕೂತವರಲ್ಲ. ಮಗ, ಸೊಸೆ "ಏನೋ ಪರೀಕ್ಷೆ ಇರಬೇಕು ಬಿಡಮ್ಮ" ಎಂದು ಕೆಲಸಕ್ಕೆ ಹೋಗಿಬಿಟ್ಟಿದ್ದರು. ಅಂಥ ಸಮಾಧಾನ ಭದ್ರಮ್ಮನ ಗಂಟಲಿನಿಂದ ಕೆಳಗಿಳಿಯುವಂಥದ್ದಲ್ಲ.

ಕೂತಲ್ಲಿ ಕೂರಲಾರದೆ ಅಂಗಳಕ್ಕೆ ಬಂದರು. ವೈಟ್‌ಫೀಲ್ಡಿನ ಈ ಜಾಗ ಅವರು ಮದುವೆಯಾಗಿ ಬಂದಾಗ ರಾಗಿ ಹೊಲ. ಈಗ ಮನೆ, ಮೇಲೆ ಬಾಡಿಗೆ ರೂಮು. ಬಾಗಿಲ ಮುಂದಿನ ರಂಗೋಲಿಗೆ ಅವರು ಕೆಲವು ತಿಂಗಳಿಂದ ಇಟ್ಟಿಗೆಗಳ ಕಾವಲು ಇಟ್ಟಿದ್ದರು. ಒಂದು ಇಟ್ಟಿಗೆ ಜರುಗಿತ್ತು. ಸರಿಮಾಡಿ ತಲೆಯೆತ್ತಿದರೆ, ಮಹಡಿ ರೂಮಿನಲ್ಲಿ ಲೈಟು.

"ನೋಡು, ಸೂರ್ಯ ನೆತ್ತಿಗೆ ಬಂದವ್ನೆ. ಒಂದ್ ವಾರದಿಂದ ಇಂಗೇ, ಅಗಲು ಹೊತ್ನಾಗೂ ಲೈಟು. ಬಾಡಿಗೆಗೆ ಬಂದೋರಿಗೆ ಯೋಳೋರು ಕೇಳೋರು ಇಲ್ದಂಗಾಯ್ತು."

ಸಮೀಕ್ಷಾ ಮೇಲೆ ನೋಡಲಿಲ್ಲ. ಅವಳ ಕಣ್ಣು ಮೆಟ್ಟಿಲ ಬುಡದಲ್ಲಿತ್ತು. "ಅಜ್ಜಿ, ಈ ಚೊಂಬು ಯಾಕೆ ಯಾವಾಗ್ಲೂ ಇಲ್ಲೇ ಇರುತ್ತೆ? ಒಳಗಿಡ್ಲಾ?"

"ಬ್ಯಾಡ, ಅಲ್ಲೇ ಇರ್ಲಿ. ಗಿಡಕ್ಕೆ ನೀರಾಕಾಕೆ ಆಯ್ತದೆ."

ಸಮೀಕ್ಷಾ ಜಗಲಿಯ ಮೇಲೆ ಕೂತು ಫೋನಿನಲ್ಲಿ ಹುಡುಕತೊಡಗಿದಳು. ಪರದೇಶಕ್ಕೆ ಓದಲು ಹೋದವರು ತಮ್ಮ ಅನುಭವ ಬರೆದುಕೊಳ್ಳುವ ಪೇಜು ಒಂದಿತ್ತು. ನಿವೇದಿತಾಳೇ ಅದನ್ನು ತೋರಿಸಿದ್ದಳು. ಅಲ್ಲಿ ಯಾರೂ ಹೆಸರು, ಊರು ಹಾಕುವುದಿಲ್ಲ. ಒಂದು ಕಡೆ ಅವಳ ಬೆರಳು ನಿಂತಿತು.

"ಅಜ್ಜಿ, ಇದು ಅಕ್ಕಂದೇ ಇರ್ಬೇಕು. ಹೋದ ವಾರ ಹಾಕಿದಾಳೆ."

"ಇಂಗ್ಲೀಷಾ? ಕನ್ನಡದಾಗೆ ಯೋಳವ್ವ."

ಸಮೀಕ್ಷಾ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು. "ಬಂದು ನಾಲ್ಕು ತಿಂಗಳಾಯ್ತು. ಬಸ್ ತುಂಬಿದ್ರೂ ನನ್ನ ಪಕ್ಕದ ಸೀಟು ಖಾಲಿ ಇರುತ್ತೆ. ಬೀದಿಲಿ ಮಕ್ಕಳು ನನ್ನ ಗುಂಗುರು ಕೂದಲು ತೋರ್ಸಿ ನಗ್ತಾರೆ..."

ಭದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಗುಂಗುರು ಕೂದಲಿಗೆ ಹರಳೆಣ್ಣೆ ತಟ್ಟಿ, ಸಿಕ್ಕು ಬಿಡಿಸಿ, ಜಡೆ ಹಾಕಿದ್ದು ಅವರದೇ ಕೈ.

"ಬಂದ ದಿನಾನೇ ಓನರಮ್ಮನ ಬಾಗಿಲ ಮುಂದೆ ತುಳೀಬಾರದ್ದನ್ನ ತುಳಿದ್ಬಿಟ್ಟೆ. ನಂಗೆ ಗೊತ್ತಿರ್ಲಿಲ್ಲ. ಅವತ್ತಿಂದ ಅವ್ರು ನನ್ನತ್ರ ಮುಖ ಕೊಟ್ಟು ಮಾತಾಡಲ್ಲ."

"ಅವಳ ಬಾಯಿಗೆ ಮಣ್ಣಾಕ! ಗೊತ್ತಿಲ್ದೆ ತುಳಿದ್ರೆ ಏನು ಮುಳುಗೋಯ್ತು?"

"ನಾನು ಅಡುಗೆ ಮಾಡಿದ್ರೆ ಪಟಾರ್ ಅಂತ ಕಿಟಕಿ ಮುಚ್ತಾರೆ."

"ನಮ್ ಬಸ್ಸಾರಿನ ಘಮ ಆ ಬಿಳೀ ಮೂತಿಯೋಳಿಗೆ ಏನು ಗೊತ್ತು!"

"ಮೂರು ದಿನದಿಂದ ಜ್ವರ. ಏಳಕ್ಕೂ ಆಗ್ತಿಲ್ಲ..." ಸಮೀಕ್ಷಾ ಅಲ್ಲಿಗೇ ನಿಲ್ಲಿಸಿಬಿಟ್ಟಳು.

ಭದ್ರಮ್ಮ ಜಗಲಿಯ ಮೇಲೆ ಕುಸಿದು ಕೂತರು. ಹೋದ ವಾರ ಬರೆದದ್ದು. ಹಾಗಾದರೆ ಮೊನ್ನೆಯವರೆಗೂ ಫೋನಿನಲ್ಲಿ ಚೆನ್ನಾಗಿದೀನಿ ಅಂದದ್ದೆಲ್ಲ ಅಜ್ಜಿಯಿಂದ ಮುಚ್ಚಿಟ್ಟದ್ದೇ? ಆಮೇಲೆ ಏನಾಯಿತು? ಮಗು ಬದುಕಿದೆಯೋ ಇಲ್ಲವೋ? ಅಳು ತಡೆಯಲಾಗಲಿಲ್ಲ.

"ಒಂಟಿ ಎಣ್ಮಗ. ಒಂದೇ ಮನ್ಯಾಗಿದ್ದು ಒಂದ್ ಸಲ ಬಾಗ್ಲು ತಟ್ಟಿ ನೋಡ್ಬಾರ್ದಾ ಆ ಎಂಗ್ಸು? ಅವಳು ಮಕ್ಕಳ್ನ ಎತ್ತಿಲ್ವಾ?"

ಎದ್ದು ದೇವರ ಮುಂದೆ ನಿಂತು ಹರಕೆ ಹೊತ್ತರು. ಅದೇ ಹೊತ್ತಿಗೆ ಫೋನ್ ಬಡಿದುಕೊಂಡಿತು. ನಿವೇದಿತಾ.

"ಫೋನ್ ನೀರಿಗೆ ಬಿದ್ದಿತ್ತು ಅಜ್ಜಿ, ಈಗ ರಿಪೇರಿ ಆಯ್ತು. ಜ್ವರಾನಾ? ನಂಗಾ? ನಾನು ಎಲ್ಲೂ ಏನೂ ಬರ್ದಿಲ್ಲ. ಚೆನ್ನಾಗಿದೀನಿ. ನಮ್ಮ ಓನರಮ್ಮ ಮೊನ್ನೆ ಸೂಪ್ ತಂದ್ಕೊಟ್ರು, ಪಾತ್ರೆ ವಾಪಸ್ ಕೊಡೋಕೆ ಹೋದ್ರೆ ಮತ್ತೆ ತುಂಬಿಸಿ ಕಳಿಸಿದ್ರು ಗೊತ್ತಾ?"

ಭದ್ರಮ್ಮ ಅಳುತ್ತಲೇ ನಕ್ಕರು. ಜೀವ ಬಂದಂತಾಯಿತು, ನಿನ್ನೆಯಿಂದ ಕಟ್ಟಿಟ್ಟ ಹಸಿವೂ ಒಟ್ಟಿಗೇ ಬಂತು. ಮುದ್ದೆ, ಸಾರು ಬಡಿಸಿಕೊಂಡು ತಟ್ಟೆ ಸಮೇತ ಜಗಲಿಗೆ ಬಂದು ಕೂತರು. ನಾಲ್ಕು ತುತ್ತು ಇಳಿದ ಮೇಲೆ, ಹೊಟ್ಟೆ ತಣ್ಣಗಾದವರಿಗೆ ಬರುವ ಕರುಣೆ ಅವರಿಗೂ ಬಂತು.

"ಪಾಪ, ಅದ್ಯಾರ ಮಗಳೋ. ಅದರವ್ವನೂ ನನ್ನಂಗೇ ಫೋನ್ ಮಾಡಿ ಮಾಡಿ ಸಾಯ್ತಾ ಇರ್ತಾಳೆ. ಇನ್ನೇನು ಬರ್ದೈತೆ, ಓದು."

ಸಮೀಕ್ಷಾ ಉಳಿದದ್ದನ್ನು ಓದಿದಳು. "ಮೊದಲ ದಿನ ಓನರಮ್ಮನ ಹತ್ರ ಬಿಸಿನೀರು ಕೇಳ್ದೆ. ಒಂದು ದುಂಡನೆ ಸ್ಟೀಲ್ ಪಾತ್ರೇಲಿ ಕೊಟ್ರು. ಕುಡಿದು, ತೊಳೆದು, ಮೆಟ್ಟಿಲ ಕೆಳಗೆ ಇಟ್ಟು ಬಂದೆ. ನಾನು ಮುಟ್ಟಿದೆ ಅಂತ ಅವ್ರು ಅದನ್ನ ಒಳಗೆ ತಗೊಳ್ಳಲೇ ಇಲ್ಲ. ಕಿಟಕಿಯಿಂದ ನೋಡ್ತಾ ಇರ್ತೀನಿ, ಅಲ್ಲೇ ಇದೆ. ಇನ್ನೊಂದ್ಸಲ ನೀರು ಕೇಳೋ ಧೈರ್ಯ ನಂಗಿಲ್ಲ."

ಸಮೀಕ್ಷಾ ಫೋನಿನಿಂದ ನಿಧಾನವಾಗಿ ತಲೆಯೆತ್ತಿದಳು. ಭದ್ರಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಮೆಟ್ಟಿಲ ಬುಡದಲ್ಲಿ ಚೊಂಬು ಹಾಗೇ ಇತ್ತು. ಮೇಲೆ, ಕೀನ್ಯಾದಿಂದ ಓದಲು ಬಂದು ಬಾಡಿಗೆಗಿದ್ದ ಹುಡುಗಿಯ ರೂಮಿನಲ್ಲಿ, ಲೈಟು ಇನ್ನೂ ಉರಿಯುತ್ತಲೇ ಇತ್ತು.