ಉಗುಳಬಾರದು

ವರ್ಷದಲ್ಲಿ ನಾಲ್ಕೇ ತಿಂಗಳು ತೆರೆದಿರುವ ಗುಡ್ಡದ ಮೇಲಿನ ಕಾಟೇಜಿಗೆ ಜೀಪು ಹತ್ತುತ್ತಿತ್ತು. ಗಾಳಿ ಮಳೆ ಗಾಜಿಗೆ ರಾಚುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತಿದ್ದ ಪ್ರವಾಸಿ ಹೆಂಗಸು ಡ್ರೈವರನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅವನು ತಿರುವಿಗೊಮ್ಮೆ ಕಿಟಕಿ ಇಳಿಸಿ ಪಿಚಕ್ಕೆಂದು ಉಗುಳುತ್ತಿದ್ದ. ಕಂದು ರಸದ ಹನಿಯೊಂದು ಗಾಳಿಗೆ ಹಾರಿ ಬಂದು ಅವಳ ಕೆನ್ನೆಗೇ ಬಿತ್ತು.

"ಥೂ! ಮನುಷ್ಯರೇನ್ರೀ ನೀವು? ಏನದು ಬಾಯಲ್ಲಿ?"

"ಹೊಗೆಸೊಪ್ಪು ಮೇಡಂ. ಈ ಕಡೆ ರಕ್ತ ಹೀರೋ ಇಂಬಳ ಜಾಸ್ತಿ. ಇದರ ರಸ ಬಿದ್ರೆ ಸಾಕು, ಉದುರ್ತವೆ."

"ಚಟಕ್ಕೊಂದು ನೆಪ ಬೇರೆ!" ಅವಳು ಮುಂದೆ ಬಾಗಿ ಅವನ ಜೇಬಿನಲ್ಲಿದ್ದ ಹೊಗೆಸೊಪ್ಪಿನ ಪೊಟ್ಟಣ ಕಿತ್ತು ಹೊರಗೆಸೆದಳು. "ಕಾಟೇಜು ಮುಟ್ಟೋವರೆಗೆ ಒಂದು ಹನಿ ಉಗುಳಬಾರದು. ಉಗುಳಿದ್ರೆ ನಿಮ್ಮ ಓನರಿಗೆ ಫೋನ್ ಮಾಡ್ತೀನಿ."

ಅವನು ಬಾಯಿ ಬಿಗಿಹಿಡಿದು, ಕೆನ್ನೆ ಉಬ್ಬಿಸಿಕೊಂಡು ತಲೆಯಾಡಿಸಿದ.

ಅಲ್ಲಿಂದ ಮೂರನೇ ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಇಬ್ಬರೂ ಇಳಿದು, ಒದ್ದೆ ಹುಲ್ಲಿನಲ್ಲಿ ಅರ್ಧ ಮೈಲಿ ನಡೆದರು. ಕಾಟೇಜಿನ ಗೇಟಿನ ಬಳಿ ಬಂದಾಗ ಕಾಲಿಗೇನೋ ತಣ್ಣಗೆ ಅಂಟಿದಂತಾಗಿ ಅವಳು ಪ್ಯಾಂಟು ಮೇಲೆತ್ತಿ ನೋಡಿದಳು. ಬೆರಳ ಸಂದಿಯಲ್ಲಿ, ಮೀನಖಂಡದಲ್ಲಿ, ಮೊಣಕಾಲ ಹಿಂದೆ ಕಪ್ಪಗೆ, ಲೋಳೆ ಲೋಳೆಯಾಗಿ ಇಂಬಳಗಳು. ಎಳೆದರೆ ರಬ್ಬರಿನಂತೆ ಉದ್ದವಾದವೇ ಹೊರತು ಬಿಡಲಿಲ್ಲ.

ಗೇಟು ಮುಟ್ಟಿದ್ದಾಯಿತಲ್ಲ ಎಂದು ಡ್ರೈವರ್ ಮರ್ಯಾದೆಯಿಂದ ಪೊದೆಯತ್ತ ತಿರುಗಿ ಬಗ್ಗಿದ.

"ಅಯ್ಯೋ, ಅಲ್ಲಿ ಬೇಡ ಅಣ್ಣಾ!" ಅವಳು ಕಾಲು ಮುಂದೆ ಚಾಚಿದಳು. "ಇಲ್ಲಿ ಉಗುಳಿ, ಇಲ್ಲಿ!"