ಬಾಕಿ ಕೆಲಸ

ಭಾನುವಾರ ಬೆಳಿಗ್ಗೆ ಏಳೂವರೆಗೆಲ್ಲ ಲಿಫ್ಟ್ ಮೆಕ್ಯಾನಿಕ್ ತನ್ನ ಅಡುಗೆಮನೆಯ ನಲ್ಲಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಸಂಜೆ ನಾಲ್ಕು ಗಂಟೆಗೆ ಹೆಂಡತಿ ಬರುವವಳಿದ್ದಳು. ನಾಲ್ಕು ದಿನ ಅಕ್ಕನ ಮನೆಯಲ್ಲಿದ್ದು ಬರುತ್ತೇನೆಂದು ಹೊರಟವಳು ಎಂಟು ತಿಂಗಳಾದರೂ ಅಲ್ಲೇ ಇದ್ದಳು. ಜಗಳವೇನೂ ಆಗಿರಲಿಲ್ಲ, ಅವನಿಗೆ ಬಗೆಹರಿಯದಿದ್ದದ್ದೂ ಅದೇ. ಮೊನ್ನೆ ತಾನಾಗಿ ಫೋನ್ ಮಾಡಿ ಬರುವುದಾಗಿ ಹೇಳಿದ್ದಳು. ಯಾಕೆ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ, ಅವಳೂ ಹೇಳಲಿಲ್ಲ.

ನಲ್ಲಿಯ ವಾಷರ್ ಸವೆದು ಎಲೆಯಂತಾಗಿತ್ತು. ತರೋಣವೆಂದು ಮೆಟ್ಟಿಲಿಳಿದವನಿಗೆ ಮಲಗುವ ಕೋಣೆಯ ಕಿಟಕಿಯ ಗಾಜು ಬಿರುಕು ಬಿಟ್ಟಿದ್ದು ನೆನಪಾಯಿತು. ಅಳತೆ ತೆಗೆಯಲು ಮತ್ತೆ ಮೇಲೆ ಬಂದ. ಅಳೆಯುತ್ತಿದ್ದವನ ಕಣ್ಣು ಹೊರಗಿನ ಸಜ್ಜೆಯ ಮೇಲೆ ಬಿತ್ತು. ಮಳೆ ನಿಂತು ಎರಡು ವಾರವೂ ಆಗಿರಲಿಲ್ಲ, ಆಗಲೇ ಉದುರಿದ ಎಲೆ ಗುಡ್ಡೆಗುಡ್ಡೆಯಾಗಿ ನೀರಿಳಿಯುವ ಕೊಳವೆಯ ಬಾಯಿ ಕಟ್ಟಿತ್ತು. ಟೇಪನ್ನು ಅಲ್ಲೇ ಬಿಟ್ಟು ಎಲೆ ಬಾಚತೊಡಗಿದ. ಅರ್ಧ ಬಾಚುವಷ್ಟರಲ್ಲಿ ಒಂಬತ್ತಾಯಿತೆಂದು ಗೊತ್ತಾಗಿ ಕೈ ಕೂಡ ತೊಳೆಯದೆ ಅಂಗಡಿಗೆ ಓಡಿದ.

ಹಾರ್ಡ್‌ವೇರ್ ಅಂಗಡಿಯವನು ವಾಷರ್, ಗಾಜು, ಸ್ಕ್ರೂ, ಚಿಲಕ, ಬಲ್ಬು, ಬಿಳಿ ಬಣ್ಣದ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ಮುಂದಿಟ್ಟು ಕನ್ನಡಕದ ಮೇಲಿಂದ ನೋಡಿದ.

“ಏನ್ರೀ, ಮನೆ ಮಾರ್ತಿದೀರಾ?”

“ಯಾಕೆ?”

“ಇಷ್ಟೆಲ್ಲ ಒಂದೇ ಸಲ ಒಯ್ಯೋರು ಒಂದೋ ಮನೆ ಮಾರೋರು, ಇಲ್ಲಾಂದ್ರೆ ಮನೆಗೆ ಬೀಗರು ಬರೋರು.”

ನೆಂಟರು ಬರ್ತಿದಾರೆ ಎಂದುಬಿಟ್ಟ ಮೆಕ್ಯಾನಿಕ್. ದಾರಿಯುದ್ದಕ್ಕೂ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಚುಚ್ಚಿತು.

ಮಧ್ಯಾಹ್ನದವರೆಗೆ ಅವನ ಕೈ ಕಾಲು ಒಂದು ಕಡೆ ನಿಲ್ಲಲಿಲ್ಲ. ನಲ್ಲಿ ಕೂರಿಸಿದ, ಗಾಜು ಹಾಕಿದ, ಮೆಟ್ಟಿಲ ಬಳಿಯ ಬಲ್ಬು ಬದಲಿಸಿದ, ಅಡುಗೆಮನೆಯ ವಾಲಿದ ಹಲಗೆಯನ್ನು ನೆಟ್ಟಗೆ ಮಾಡಿ ಬಿಳಿ ಬಣ್ಣ ಬಳಿದ. ನಡುನಡುವೆ ಫೋನ್ ತೆಗೆದು ನೋಡುತ್ತಿದ್ದ. ಒಗೆದು ಹಾಕಿದ ಹೊದಿಕೆ ಒಣಗಿತೇ ಎಂದು ನಾಲ್ಕು ಸಲ ಮುಟ್ಟಿದ. ಬಿಸಿಲಿಗೆ ಬೇಸಿಗೆಯ ಕಸುವಿರಲಿಲ್ಲ.

ಕೊನೆಗೆ ಉಳಿದದ್ದು ಬಚ್ಚಲಮನೆಯ ಚಿಲಕ. ಈ ಮನೆಗೆ ಬಂದ ವರ್ಷವೇ ಅದು ಕಿತ್ತು ಬಂದಿತ್ತು. ಅಂದಿನಿಂದ ಅವಳು ಒಳಗಿನಿಂದ ಬಾಗಿಲಿಗೆ ತುಂಬಿದ ಬಕೆಟ್ ಒತ್ತಿಟ್ಟು ಸ್ನಾನ ಮಾಡುತ್ತಿದ್ದಳು. ಅವಳ ಭಾವ ಬಂದು ಎರಡು ದಿನ ಉಳಿದಾಗ ಅವಳು ಎರಡು ದಿನವೂ ಸ್ನಾನವನ್ನೇ ಮಾಡಲಿಲ್ಲ. ಅವಳು ನೆನಪಿಸಿದಾಗಲೆಲ್ಲ ಅವನು ನೋಡೋಣ ಎನ್ನುತ್ತಿದ್ದ, ಇಲ್ಲವೇ ಮನೆಯಲ್ಲಿರುವುದು ನಾವಿಬ್ಬರೇ ತಾನೇ ಎಂದು ನಗುತ್ತಿದ್ದ. ಊರಿನಲ್ಲಿ ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಬಿದ್ದರೆ ಮಾತ್ರ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡುವನು. ದೇವರು ಬಂದ ಹಾಗೆ ಬಂದ್ರಿ ಎಂದು ಅವರು ಕೈ ಹಿಡಿದುಕೊಳ್ಳುವರು.

ನಾಲ್ಕು ಸ್ಕ್ರೂ. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಬೇಗ ಮುಗಿದದ್ದು ಯಾಕೋ ಅವನಿಗೆ ಹಿಡಿಸಲಿಲ್ಲ. ಎಲ್ಲವನ್ನೂ ಬಿಚ್ಚಿ ಮತ್ತೊಮ್ಮೆ ಹಾಕಿದ.

ಅವಳು ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕೈಯಲ್ಲಿ ದೊಡ್ಡದೊಂದು ಖಾಲಿ ಚೀಲ. ಚಳಿ ಶುರುವಾಗುತ್ತಿದೆಯಲ್ಲ, ಸ್ವೆಟರು, ಶಾಲು ತೆಗೆದುಕೊಂಡು ಹೋಗೋಣವೆಂದು ಬಂದೆ ಎಂದಳು. ಅವನು ತಲೆಯಾಡಿಸಿದ. ಅವಳು ಬೀರುವಿನಿಂದ ತನ್ನ ಬಟ್ಟೆಗಳನ್ನು ತೆಗೆದು ಮಡಿಸುವಾಗ ಹೊಸ ಗಾಜನ್ನು ಕಂಡಳು. ನೀರು ಕುಡಿಯಲು ಅಡುಗೆಮನೆಗೆ ಹೋದವಳು ನಲ್ಲಿ ತಿರುಗಿಸಿ, ನಿಲ್ಲಿಸಿ, ಹನಿ ಬೀಳುತ್ತದೆಯೇ ಎಂದು ಕಾದಳು. ಬೀಳಲಿಲ್ಲ. ಆಮೇಲೆ ಬಚ್ಚಲಮನೆಗೆ ಹೋದಳು. ಚಿಲಕ ಜಾರಿ ಕೂತ ಸದ್ದು ಕೇಳಿಸಿತು. ಎಷ್ಟು ಹೊತ್ತಾದರೂ ಒಳಗೆ ನೀರಿನ ಸದ್ದಿಲ್ಲ. ಕರೆಯಲೋ ಬೇಡವೋ ಎಂದು ಅವನು ಹೊರಗೆ ಅತ್ತಿಂದಿತ್ತ ಓಡಾಡಿದ.

ಹೊರಗೆ ಬಂದಾಗ ಅವಳ ಮುಖದ ಬಿಗಿ ಸಡಿಲಿತ್ತು. ಕುರ್ಚಿಯ ಅಂಚಿನಲ್ಲಿ ಕೂತಳು.

“ಯಾರ ಹತ್ರ ಮಾಡಿಸಿದ್ರಿ?” ಎಂದು ಕೇಳಿದಳು.

“ಮಾಡಿಸಿದ್ದಲ್ಲ, ನಾನೇ ಮಾಡಿದ್ದು.” ಅವನ ದನಿಯಲ್ಲಿ ತಡೆಯಲಾಗದ ಹೆಮ್ಮೆಯಿತ್ತು. “ಬೆಳಿಗ್ಗೆ ಎದ್ದು ಶುರು ಹಚ್ಕೊಂಡೆ. ಮೂರು ಗಂಟೆಗೆಲ್ಲ ಮುಗೀತು ನೋಡು. ಇನ್ನೇನಾದ್ರೂ ಬಾಕಿ ಇದ್ರೆ ಹೇಳು, ಅದನ್ನೂ ಮಾಡ್ಬಿಡ್ತೀನಿ.”

ಅವಳು ಸ್ವಲ್ಪ ಹೊತ್ತು ಅವನ ಕೈಗಳನ್ನೇ ನೋಡಿದಳು. ಬೆರಳ ಸಂದುಗಳಲ್ಲಿ ಬಿಳಿ ಬಣ್ಣ ಒಣಗಿತ್ತು. ಆಮೇಲೆ ಎದ್ದು ಚೀಲವನ್ನು ಹೆಗಲಿಗೇರಿಸಿದಳು. ಕೂತ್ಕೋ, ಟೀ ಮಾಡ್ತೀನಿ ಎಂದು ಅವನು ತಡವರಿಸಿದ್ದು ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ಅವಳು ಒಮ್ಮೆ ತಿರುಗಿದಳು. ಕೋಪವಿರಲಿಲ್ಲ.

“ಹನ್ನೊಂದು ವರ್ಷ ನಾನು ಕೇಳ್ತಾ ಇದ್ದಿದ್ದು,” ಎಂದಳು, “ಒಂದು ಭಾನುವಾರದ ಕೆಲಸ ಆಗಿತ್ತಾ?”