ಸೊನ್ನೆ ಬಿಟ್ಟು ಏಳದ ಮುಳ್ಳು

ಲೈಸೆನ್ಸಿಗೆ ಹೆದರಿಕೆ ಕಡ್ಡಾಯವಾಗಿ ನಾಲ್ಕು ವರ್ಷವಾಗಿತ್ತು. ಓಡಿಸುವವರ ಹೆದರಿಕೆ ಅಳೆಯಲು ಸ್ಟೇರಿಂಗಿನ ನಡುವೆ ಕೂರಿಸಿದ ಮೀಟರಿನ ಮುಳ್ಳು ಹತ್ತರಿಂದ ಐವತ್ತರೊಳಗೆ ನಿಲ್ಲಬೇಕು. ಕಡಿಮೆಯಾದರೂ ಫೇಲು, ಹೆಚ್ಚಾದರೂ ಫೇಲು. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದ ಚೌಡಯ್ಯನ ಮುಳ್ಳು ಹಿಂದಿನ ಎರಡು ಪರೀಕ್ಷೆಯಲ್ಲೂ ಸೊನ್ನೆ ಬಿಟ್ಟು ಎದ್ದಿರಲಿಲ್ಲ. ಇವತ್ತೂ ಫೇಲಾದರೆ ಟ್ಯಾಕ್ಸಿ ಮಾರುವುದೇ ಸೈ.

ಪರೀಕ್ಷೆ ಮೈದಾನದ ಕಂಬಗಳ ನಡುವೆ ಸರ್ರನೆ ರಿವರ್ಸ್ ತೆಗೆದ. ಒಂದಕ್ಕೂ ತಾಗಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ ಪುಟ್ಟತಾಯಮ್ಮ ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದಳು. ಮುಳ್ಳು ಸೊನ್ನೆಯಲ್ಲೇ ಇತ್ತು.

“ಇನ್ನೊಂದೇ ರೌಂಡ್ ಉಳಿದಿರೋದು ಯಜಮಾನ್ರೇ,” ಎಂದರು ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ಮೇಡಂ. “ಮೊದಲು ನೀವು ಈ ಕಡೆ ಬನ್ನಿ. ನೀವು ಹೆಂಗೆ ಓಡಿಸ್ತೀರೋ ಹಂಗೇ ಓಡಿಸಿ ತೋರಿಸ್ತೀನಿ.”

ಆ ಸೀಟಿನಲ್ಲಿ ಚೌಡಯ್ಯ ಯಾವತ್ತೂ ಕೂತವನಲ್ಲ. ತಿರುವಿನಲ್ಲಿ ಮೇಡಂ ವೇಗ ತಗ್ಗಿಸಲಿಲ್ಲ. ಮೈದಾನದ ಗೋಡೆ ನುಗ್ಗಿ ಬಂತು. ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು.

“ಮೇಡಂ, ನಿಧಾನ!”

“ಮೂವತ್ತು ವರ್ಷದಿಂದ ನಾನೂ ಅದನ್ನೇ ಬಡ್ಕೊಂಡೆ,” ಅಂದಳು ಪುಟ್ಟತಾಯಮ್ಮ.

ಚೌಡಯ್ಯ ಮತ್ತೆ ಸ್ಟೇರಿಂಗ್ ಹಿಡಿದ. ಅದೇ ತಿರುವು ಬಂತು. ಕನ್ನಡಿಯಲ್ಲಿ ಹೆಂಡತಿ ಕಣ್ಣು ಮುಚ್ಚಿ ಕೂತಿದ್ದು ಕಂಡಿತು. ಚೌಡಯ್ಯ ಬ್ರೇಕ್ ಒತ್ತಿದ. ಮುಳ್ಳು ನಡುಗುತ್ತ ಒಂಬತ್ತಕ್ಕೆ ಏರಿತು, ತುಸು ತಡೆದು ಹನ್ನೆರಡಕ್ಕೆ ನಿಂತಿತು.

“ಪಾಸು,” ಎಂದರು ಮೇಡಂ.

ಮನೆಯ ದಾರಿಯಲ್ಲಿ, ಕೆರೆ ಏರಿಯ ತಿರುವಿಗೆ ಅವನು ಗಾಡಿ ನಿಧಾನ ಮಾಡಿದ. ಪುಟ್ಟತಾಯಮ್ಮ ಹಿಡಿಕೆ ಬಿಟ್ಟು ಕಿಟಕಿಗೆ ಮುಖವಿಟ್ಟಿದ್ದಳು.

“ಈ ಕೆರೇಲಿ ತಾವರೆ ಇರೋದೇ ನಂಗೆ ಗೊತ್ತಿರ್ಲಿಲ್ಲ ಕಣ್ರೀ.”